ಬಸಿರಿನಲ್ಲಿ ಬಾಯಿ ಹುಣ್ಣು: ಹಳೇ ಟ್ಯೂಬ್‌ಗೆ ಕೈ ಹಾಕುವ ಮುನ್ನ

ನಾಲಿಗೆಯ ಅಂಚಿನಲ್ಲೋ ಕೆನ್ನೆಯ ಒಳಗೋ ಕಾಳಿನಷ್ಟು ಬಿಳಿ ಹುಣ್ಣು, ಸುತ್ತ ಕೆಂಪು. ಇಷ್ಟೇ ಇಷ್ಟಿದ್ದರೂ ಒಂದು ತುತ್ತು ನುಂಗುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ, ಅಲ್ವಾ? ಇಂಥ ಮಾಮೂಲಿ ಹುಣ್ಣಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಿಲ್ಲ. ಒಂದೆರಡು ವಾರದಲ್ಲಿ ತಾನಾಗಿ ಮಾಯುತ್ತದೆ.

ಮೊದಲು ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಕದಡಿ, ಚೆನ್ನಾಗಿ ಮುಕ್ಕಳಿಸಿ ಉಗುಳಿ. ನುಂಗಬೇಡಿ. ಊಟವಾದ ಮೇಲೆ, ಮಲಗುವ ಮುಂಚೆ ಮಾಡಿ. ಶುರುವಿನಲ್ಲಿ ಚುರ್ ಅನ್ನುತ್ತದೆ, ಆಮೇಲೆ ಹಿತ. ಮೆತ್ತನೆ ಬ್ರಷ್ ಬಳಸಿ. ಖಾರ, ಹುಳಿ, ತುಂಬಾ ಬಿಸಿ, ಗರಿಗರಿ ತಿಂಡಿ ನಾಲ್ಕು ದಿನ ದೂರವಿರಲಿ.

ವಾಂತಿ ಜಾಸ್ತಿ ಇದ್ದರೆ ಹೊಟ್ಟೆಯ ಹುಳಿನೀರು ಹುಣ್ಣಿಗೆ ತಾಗಿ ಉರಿಯುತ್ತದೆ. ಆಗ ಬರೀ ನೀರಲ್ಲಿ ಬಾಯಿ ತೊಳೆದುಕೊಳ್ಳಿ. ತಕ್ಷಣ ಹಲ್ಲುಜ್ಜಿದರೆ ಹುಳಿಯಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಅರ್ಧ ಗಂಟೆಯಾದರೂ ತಡೆಯಿರಿ.

ಇನ್ನು ಮನೆಯಲ್ಲಿ ಉಳಿದಿರುವ ಆ ಹಳೇ ಜೆಲ್ ಟ್ಯೂಬ್. ನನ್ನ ಮಟ್ಟಿಗೆ ಹುಣ್ಣಿಗಿಂತ ಅದರದ್ದೇ ಹೆದರಿಕೆ. ಹುಣ್ಣಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಕೋಲೀನ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಬಸಿರಿನಲ್ಲಿ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದ ಆಸ್ಪಿರಿನ್ ಬಳಗದ್ದು, ಬಾಯಿಯ ಒಳಚರ್ಮದಿಂದ ರಕ್ತಕ್ಕೂ ಸೇರುತ್ತದೆ. ಮೇಲೆ ಹಚ್ಚುವುದು ತಾನೇ ಎಂದು ಸುಮ್ನೆ ಸವರಬೇಡಿ. ಬೋರಾಕ್ಸ್ ಬೆರೆಸಿದ ಗ್ಲಿಸರಿನ್ ಕೂಡ ಬೇಡ. ಮರಗಟ್ಟಿಸುವ ಜೆಲ್, ಸ್ಟೀರಾಯ್ಡ್ ಮುಲಾಮು, ನೋವಿನ ಮಾತ್ರೆ ಯಾವುದಾದರೂ ಸರಿ, ಬಸಿರಿ ಎಂದು ಹೇಳಿ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಬೇರೆ ಕಾರಣಕ್ಕೆ ಡಾಕ್ಟರೇ ಕಡಿಮೆ ಡೋಸಿನ ಆಸ್ಪಿರಿನ್ ಬರೆದಿದ್ದರೆ ಅದು ಬೇರೆ ಮಾತು, ಅದನ್ನು ನಿಲ್ಲಿಸಬೇಡಿ.

ಹುಣ್ಣು ಪದೇ ಪದೇ ಬರುತ್ತಿದ್ದರೆ ಕಬ್ಬಿಣ, ಫೋಲಿಕ್ ಆಸಿಡ್ ಅಥವಾ ಬಿ12 ಕಡಿಮೆಯಾಗಿರಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹಾಂ, ಕಬ್ಬಿಣದ ಮಾತ್ರೆಯನ್ನು ಅಗಿಯುವ, ಚೀಪುವ ಅಭ್ಯಾಸವಿದ್ದರೆ ಬಿಡಿ. ಅದರಿಂದಲೇ ಬಾಯಿ ಹುಣ್ಣಾಗುತ್ತದೆ. ನೀರಿನ ಜೊತೆ ಇಡಿಯಾಗಿ ನುಂಗಿ.

ಮೂರು ವಾರವಾದರೂ ಮಾಯದಿದ್ದರೆ, ಜ್ವರ ಬಂದರೆ, ಮೈಮೇಲೆ ಗುಳ್ಳೆ ಎದ್ದರೆ, ನೀರು ಕುಡಿಯಲೂ ಆಗದಿದ್ದರೆ ಕಾಯಬೇಡಿ, ತೋರಿಸಿ. ಗುಪ್ತಾಂಗದಲ್ಲೂ ಹುಣ್ಣಿದ್ದರೆ ನಾಚಿಕೊಳ್ಳದೆ ಅಂದೇ ಹೇಳಿ. ಅದು ಹರ್ಪಿಸ್ (ಗುಳ್ಳೆ, ಹುಣ್ಣು ತರುವ ವೈರಸ್ ಸೋಂಕು) ಆಗಿದ್ದರೆ ಹೆರಿಗೆಯ ಹೊತ್ತಿಗೆ ಮಗುವಿಗೆ ತಗುಲಬಹುದು.