ಹೊಸಬರಿಗೆ ಮಾರ್ಗದರ್ಶಿ: ಟೈರ್ ಕೊಳ್ಳುವ ಮೊದಲು ಅದರ ಮೇಲಿನ ನಂಬರ್ ಓದಿ

ವಿಜಯಪುರಕ್ಕೆ ವರ್ಗವಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಮನೆ, ನೀರು, ಶಾಲೆ. ಟೈರ್ ನೆನಪಾಗುವುದು ಮೊದಲ ಬೇಸಿಗೆಗೆ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇನ್ನೊಂದು ವರ್ಷ ತಳ್ಳೋಣ ಅಂದುಕೊಂಡಿದ್ದ ಹಳೇ ಟೈರ್ ಸೊಲ್ಲಾಪುರ ಹೆದ್ದಾರಿಯಲ್ಲಿ ಕೈ ಕೊಡುತ್ತದೆ.

ಅಂಗಡಿಗೆ ಹೋಗುವ ಮುಂಚೆ ಟೈರಿನ ಪಕ್ಕೆಯ ಮೇಲೆ ಉಬ್ಬಾಗಿ ಬರೆದಿರುವ ನಂಬರಿನ ಫೋಟೊ ತೆಗೆದುಕೊಳ್ಳಿ. ನನ್ನ ಕಾರಿನದು 165/80 ಆರ್14 85ಟಿ. 165 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. 80 ಅಂದರೆ ಶೇಕಡಾ. ರಿಮ್ಮಿನ ಮೇಲೆ ಟೈರಿನ ಎತ್ತರ ಆ ಅಗಲದ 80ರಷ್ಟು, ಅಂದರೆ 132 ಮಿ.ಮೀ. ಆರ್ ಅಂದರೆ ರೇಡಿಯಲ್, ಅಂದರೆ ಟೈರಿನ ಒಳಕಟ್ಟಿನ ಬಗೆ. 14 ಅಂದರೆ ರಿಮ್ಮಿನ ವ್ಯಾಸ, ಇಂಚಿನ ಲೆಕ್ಕ.

ಈ ಶೇಕಡಾ ಲೆಕ್ಕದಲ್ಲೇ ನಾನು ಎಡವಿದ್ದು. ಆಗ ನಾನೂ ಹೊಸಬ. ಒಂದು ಅಂಗಡಿಯಲ್ಲಿ ಜಾಸ್ತಿ ಓಡಿರದ ನಾಲ್ಕು ಸೆಕೆಂಡ್ ಹ್ಯಾಂಡ್ ಟೈರ್ ತೋರಿಸಿದರು. "ನಿಮ್ಮದೂ ಹದಿನಾಲ್ಕ ಐತಿ, ಇದೂ ಹದಿನಾಲ್ಕ ಐತ್ರಿ ಸರ, ಬರೋಬ್ಬರಿ ಕೂಡತೈತಿ" ಅಂದರು. ಕೂಡಿತು ಕೂಡ. ಆದರೆ ಅದು 165/65. ಕಾರು ಒಂದು ಇಂಚು ಕೆಳಗೆ ಕೂತಿತು. ಪ್ರತಿ ರಸ್ತೆಯುಬ್ಬಿಗೂ ಹೊಟ್ಟೆ ಉಜ್ಜುವ ಸದ್ದು. ತಮಾಷೆ ಅಂದರೆ, ಮೈಲೇಜ್ ಜಾಸ್ತಿಯಾಯಿತು ಅಂತ ನಾನು ಖುಷಿಯಲ್ಲಿದ್ದೆ! ಗಾಲಿ ಸಣ್ಣದಾಗಿ ಹೆಚ್ಚು ಸುತ್ತು ತಿರುಗುತ್ತಿತ್ತು. ಹಾಗಾಗಿ 92 ಕಿ.ಮೀ. ಓಡಿದರೆ ಮೀಟರು 100 ತೋರಿಸುತ್ತಿತ್ತು, ಅಷ್ಟೇ.

ಕೊನೆಯ 85 ಮತ್ತು ಟಿ ಯಾರೂ ನೋಡಲ್ಲ, ನೀವು ನೋಡಿ. 85 ಅಂದರೆ ಒಂದು ಟೈರ್ 515 ಕಿಲೋ ಹೊರಬಲ್ಲದು. ನಾನು ಹಾಕಿಸಿದ್ದು 79, ಅಂದರೆ 437 ಕಿಲೋ. ಮನೆಮಂದಿಯೆಲ್ಲ ಕೂತು, ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟುಕೊಂಡು ಊರಿಗೆ ಹೋಗುವವರು ಲೆಕ್ಕ ಹಾಕಿಕೊಳ್ಳಿ. ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದ ಮಿತಿ. ಇವೆರಡೂ ಕಂಪನಿ ಹೇಳಿದ್ದಕ್ಕಿಂತ ಮೇಲಿದ್ದರೆ ತೊಂದರೆಯಿಲ್ಲ, ಕಡಿಮೆ ಮಾತ್ರ ಬೇಡ.

ಹಳೇ ಕಾರು ಕೊಂಡಿದ್ದರೆ ಈಗಿರುವ ಟೈರನ್ನೂ ನಂಬಬೇಡಿ. ಹಿಂದಿನವರು ಏನು ಹಾಕಿಸಿದ್ದರೋ! ಡ್ರೈವರ್ ಬಾಗಿಲು ತೆಗೆದರೆ ಸಾಮಾನ್ಯವಾಗಿ ಅಲ್ಲೇ ಒಂದು ಸ್ಟಿಕ್ಕರ್ ಇರುತ್ತದೆ. ಸೈಜು, ಹವಾ ಎರಡೂ ಅದರಲ್ಲಿವೆ. ಸ್ಕೂಟರಿನದೂ ಇದೇ ಲೆಕ್ಕ: 90/100-10 ಅಂದರೆ ಅಗಲ 90 ಮಿ.ಮೀ., ಎತ್ತರವೂ ಅಷ್ಟೇ, ರಿಮ್ 10 ಇಂಚು.

"ಹೊಸಾದು" ಅಂದರೂ ತಯಾರಾದ ದಿನ ನೋಡಿ. ಪಕ್ಕೆಯ ಮೇಲೆ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ 1425 ಅಂತಿದ್ದರೆ 2025ರ 14ನೇ ವಾರದ್ದು. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿರುತ್ತದೆ. ಹಳೇ ಟೈರಿನ ಮೈಮೇಲಿನ ಗೀರುಗಳೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತವೆ, ಎತ್ತರ 1.6 ಮಿ.ಮೀ. ಟೈರ್ ಅವುಗಳ ಮಟ್ಟಕ್ಕೆ ಸವೆದಿದ್ದರೆ ಬದಲಿಸಲೇಬೇಕು. ಎರಡೇ ಕೊಳ್ಳಲು ದುಡ್ಡಿದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಮುಂದಕ್ಕೇ ಹಾಕಿ ಅನ್ನುವವರು ಬಹಳ ಜನ. ಆದರೆ ಮಳೆಯಲ್ಲಿ ಹಿಂದಿನ ಗಾಲಿ ಜಾರಿದರೆ ಕಾರು ಹಿಡಿತಕ್ಕೆ ಸಿಗುವುದು ಕಷ್ಟ.

ಹವಾ ನೋಡಿಸುವುದು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ. ಹವಾ ಕಡಿಮೆಯಿದ್ದರೆ ಟೈರ್ ಮಡಚಿ ಮಡಚಿ ಕಾಯುತ್ತದೆ, ಬಿಸಿಲಿಗೆ ಸಿಡಿಯುವುದು ಹೆಚ್ಚಾಗಿ ಅಂಥವೇ. ಅಂದಹಾಗೆ, ಇಲ್ಲಿ ಗಾಳಿ ಅನ್ನಬೇಡಿ, ಹವಾ ಅನ್ನಿ. "ಸ್ಟೆಪ್ನಿಗೂ ಹವಾ ನೋಡ್ರಿ" ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಯಾರೂ ಡಿಕ್ಕಿ ತೆಗೆಯುವುದಿಲ್ಲ.