ಮಳೆ ಹೊಳವಾದ ಮೇಲೆ ಮನೆ ಹಿಂದಿನ ಧರೆ ನೋಡುವುದು ಹೇಗೆ?

ಬಿಸಿಲು ಬಂತು ಅಂದ ತಕ್ಷಣ ಗುಡ್ಡದ, ಅದನ್ನು ಕಡಿದಾಗ ಗೋಡೆಯಂತೆ ಉಳಿಯುವ ಧರೆಯ ಭಯ ಮರೆತುಬಿಡುತ್ತೇವೆ, ಅಲ್ವಾ? ಆದರೆ ಒಳಗೆ ಇಳಿದ ನೀರು ಬಸಿದುಹೋಗಲು ದಿನಗಳೇ ಬೇಕು. ಕಾರವಾರದ ಕಡವಾಡ ಝರಿವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಸತ್ತದ್ದು 2009ರ ಅಕ್ಟೋಬರಿನಲ್ಲಿ. ಮಳೆಗಾಲ ಮುಗಿಯಿತು ಎಂದು ನಾವು ನಿರಾಳವಾಗುವ ತಿಂಗಳು ಅದು.

ಮೊದಲು ಮಳೆಯ ಲೆಕ್ಕ ಇಡಿ. ನೇರ ಬದಿಯ ಡಬ್ಬವೊಂದನ್ನು ಅಂಗಳದ ಬಯಲಿನಲ್ಲಿಟ್ಟು ದಿನಕ್ಕೊಮ್ಮೆ ಸ್ಕೇಲ್ ಹಿಡಿದರೆ ಸಾಕು. ಒಂದು ದಿನಕ್ಕೆ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತಿ ಹೆಚ್ಚಿನ ಮಟ್ಟದ ಮಳೆ. ವಾರವಿಡೀ ಸುರಿದು ಗುಡ್ಡ ನೆನೆದಿದ್ದರೆ ಕುಸಿಯಲು ಅಷ್ಟೂ ಬೇಕಿಲ್ಲ.

ಆಮೇಲೆ ಮಣ್ಣು. ನಮ್ಮ ಕರಾವಳಿಯಲ್ಲಿ ಹಲವೆಡೆ ಮೇಲೆ ಕೆಂಪು ಚಿರೆಕಲ್ಲು, ಕೆಳಗೆ ಶೇಡಿ ಮಣ್ಣು ಅನ್ನುವ ಬಿಳಿಚು ಜೇಡಿ. ಚಿರೆಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣಿಗೆ ಬಂದಾಗ ದಾರಿ ಸಿಗದೆ ನಿಲ್ಲುತ್ತದೆ. ನೆನೆದ ಶೇಡಿ ಮೇಲಿನ ಭಾರ ತಡೆಯಲಾರದೆ ಜಾರುತ್ತದೆ. ಕಡಿದ ಧರೆಯಲ್ಲಿ ಕೆಂಪಿನ ಕೆಳಗೆ ಬಿಳಿಚು ಪದರ ಕಂಡರೆ ಹುಷಾರು. ಬುಡ ಕಡಿದ ಗುಡ್ಡಕ್ಕಂತೂ ಆಸರೆಯೇ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗೆಂದು ಕಡಿದ ಗುಡ್ಡ. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ದೂರ ಇದ್ದೇವೆ ಅನ್ನುವ ಧೈರ್ಯ ಸಾಲದು.

ನೋಡಲು ಹಗಲಲ್ಲೇ ಹೋಗಿ, ಇಬ್ಬರು ಹೋಗಿ. ಧರೆಯ ಕೆಳಗೆ ನಿಲ್ಲಬೇಡಿ, ಪಕ್ಕದಿಂದ ಹತ್ತಿ. ಮೇಲೆ ಇಳಿಜಾರಿಗೆ ಅಡ್ಡವಾಗಿ ಬಿಲ್ಲಿನಂತೆ ಬಾಗಿದ ಬಿರುಕು ಇದೆಯೇ? ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರ ಅಳೆದಿಡಿ. ಸಂಜೆಗೆ ಅಂತರ ಜಾಸ್ತಿಯಾಗಿದ್ದರೆ ಆ ರಾತ್ರಿ ಮನೆಯಲ್ಲಿ ಮಲಗುವ ಮಾತೇ ಬೇಡ. ಬೇಲಿ ಕಂಬ, ಅಡಿಕೆ ಮರ ಹೊಸದಾಗಿ ವಾಲಿದ್ದರೂ ಗಮನಿಸಿ. ಬಾಗಿಲು ಬಿಗಿಯಾಗುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಜೊತೆಗೆ ಗೋಡೆಯೂ ಬಿರಿದಿದ್ದರೆ ಮಾತು ಬೇರೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ನೀರು. ಇಲ್ಲದ ಕಡೆ ಒರತೆ ಎದ್ದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ ಒಳಗೆ ಮಣ್ಣು ಕರಗುತ್ತಿದೆ. ಮಳೆ ಹೊಯ್ಯುತ್ತಿದ್ದರೂ ಹಳ್ಳದ ನೀರು ಥಟ್ಟನೆ ಇಳಿದರೆ ಮೇಲೆಲ್ಲೋ ಮಣ್ಣು ಕಟ್ಟಿರಬಹುದು. ಆಗ ಸಾಮಾನು ಕಟ್ಟುತ್ತ ಕೂರಬೇಡಿ. ಹಳ್ಳದ ಗುಂಟ ಇಳಿಯದೆ ಪಕ್ಕಕ್ಕೆ, ಎತ್ತರಕ್ಕೆ ಸರಿಯಿರಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077 ಇಲ್ಲವೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಕೆಳಗಿನ ಮನೆಯವರನ್ನೂ ಕೂಗಿ ಕರೆಯಿರಿ.

ಬೇಸಿಗೆಯಲ್ಲಿ ಜೆಸಿಬಿ ಕರೆಸುವವರು ಮನೆ ಮೇಲಿನ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿಸಬೇಡಿ. ಅಲ್ಲಿ ಬೇಕಾದದ್ದು ನೀರನ್ನು ಪಕ್ಕಕ್ಕೆ ಒಯ್ಯುವ ಕಾಲುವೆ.