ಕೆಜಿಎಫ್ ಬಣ್ಣದಲ್ಲಿ ವಾರ್‌ಹ್ಯಾಮರ್‌ನ ಗಣಿ ಕೆಲಸಗಾರರು

ವಾರ್‌ಹ್ಯಾಮರ್ 40,000 ಅನ್ನುವ ಬೊಂಬೆಗಳ ಯುದ್ಧದಾಟ ಅಂದರೆ ಹೆಚ್ಚಿನವರ ಕಣ್ಣಮುಂದೆ ಬರುವುದು ದಪ್ಪ ಕವಚ ತೊಟ್ಟ ಸ್ಪೇಸ್ ಮರೀನ್ ಅನ್ನುವ ಯೋಧರು. ನನಗೆ ಅವರ ಮೇಲೆ ಅಷ್ಟು ಆಸೆ ಇಲ್ಲ. ನಾನು ಬಣ್ಣ ಹಚ್ಚುವುದು ಅದೇ ಲೋಕದ ಗಣಿ ಕೆಲಸಗಾರರಿಗೆ. ನಾನಿರುವುದು ಬಂಗಾರಪೇಟೆಯಲ್ಲಿ, ಅಮ್ಮನ ತವರು ಕೆಜಿಎಫ್. ಚಿಕ್ಕಂದಿನಿಂದ ನೋಡಿದ ಮಣ್ಣು, ತುಕ್ಕು, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬದ ಬಣ್ಣಗಳೇ ಈಗ ನನ್ನ ಪುಟ್ಟ ಬೊಂಬೆಗಳ ಮೇಲೆ ಕೂತಿವೆ. ಅದನ್ನು ಹೇಗೆ ಮಾಡಿದೆ, ಯಾಕೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಯುದ್ಧದ ಆಟ. 1987ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಇದನ್ನು ಹೊರತಂದಿತು. ಬೊಂಬೆಗಳನ್ನು ಬಿಡಿಬಿಡಿಯಾಗಿ ಕೊಡುತ್ತಾರೆ. ಅಂಟಿಸಿ, ಬಣ್ಣ ಹಚ್ಚಿಕೊಳ್ಳುವುದು ನಮ್ಮ ಕೆಲಸ. ಕಥೆ ನಡೆಯುವುದು ಇನ್ನು ಮೂವತ್ತೆಂಟು ಸಾವಿರ ವರ್ಷ ಆದಮೇಲೆ. ಮನುಷ್ಯರ ಚಕ್ರವರ್ತಿ ಸತ್ತೂ ಸಾಯದ ಹಾಗೆ ಹತ್ತು ಸಾವಿರ ವರ್ಷದಿಂದ ಚಿನ್ನದ ಸಿಂಹಾಸನದ ಮೇಲಿದ್ದಾನೆ. ಅವನ ಹೆಸರಲ್ಲಿ ದಿನಕ್ಕೆ ಸಾವಿರ ಜೀವ ಬಲಿಯಾಗುತ್ತವೆ. ಯಂತ್ರ ಕೆಟ್ಟರೆ ಮಂತ್ರ ಹೇಳಿ, ಎಣ್ಣೆ ಹಚ್ಚಿ, ಧೂಪ ಹಾಕುತ್ತಾರೆ. ವಿಜ್ಞಾನ ಮರೆತುಹೋಗಿದೆ, ಉಳಿದಿರುವುದು ಪೂಜೆ ಮಾತ್ರ.

ನನ್ನನ್ನು ಇದರೊಳಗೆ ಎಳೆದದ್ದು ಜಾನ್ ಬ್ಲಾಂಚ್ ಅವರ ಚಿತ್ರಗಳು. ಈ ಆಟದ ಮುಖಕ್ಕೆ ರೂಪ ಕೊಟ್ಟ ಕಲಾವಿದ ಅವರು. ಅವರ ಚಿತ್ರದಲ್ಲಿ ನೀಲಿ ಆಕಾಶ ಸಿಗುವುದು ಅಪರೂಪ. ಕಂದು, ಕಾವಿ, ಒಣಗಿದ ರಕ್ತದ ಕೆಂಪು, ಮೂಳೆಯ ಬಿಳಿ, ಇಷ್ಟೇ. ಎಲ್ಲದರ ಮೇಲೂ ಸೌದೆ ಒಲೆಯ ಹಿಂದಿನ ಗೋಡೆಯ ಹಾಗೆ ಹೊಗೆ ಕೂತಿರುತ್ತದೆ. ಇನ್ನೊಬ್ಬ ಕಲಾವಿದ ಇಯಾನ್ ಮಿಲ್ಲರ್ ಅವರ ಗೆರೆಗಳನ್ನೂ ನೋಡಿ. ಒಂದು ಗೋಪುರದ ಗೋಡೆಯಲ್ಲಿ ನೂರಾರು ಮುಳ್ಳು, ಕೊಳವೆ, ಕಿಟಕಿ. ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಈ ಚಿತ್ರಗಳನ್ನು ನೋಡುವಾಗ ನಡುವೆ ನಿಂತ ದೊಡ್ಡ ವೀರನನ್ನು ಬಿಟ್ಟುಬಿಡಿ. ಮೂಲೆಗಳನ್ನು ನೋಡಿ. ಅಲ್ಲಿ ಹೊರೆ ಹೊತ್ತವರು, ದೀಪ ಹಿಡಿದವರು, ಕೊಳವೆಗೆ ಮೈ ಸೇರಿಸಿಕೊಂಡ ಗುಲಾಮರು ಇರುತ್ತಾರೆ. ಹೆಸರಿಲ್ಲದ ಸಣ್ಣ ಸಣ್ಣ ಜನ. ಈ ಲೋಕದ ಕತ್ತಲೆ ರಾಕ್ಷಸರಿಂದ ಬಂದದ್ದು ಅಂತ ನನಗೆ ಅನ್ನಿಸುವುದಿಲ್ಲ. ಇವರನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ, ಅದರಿಂದ ಬಂದದ್ದು. ಬ್ಲಾಂಚ್ ಅದನ್ನು ಒಂದು ಮಾತೂ ಇಲ್ಲದೆ ಹೇಳಿಬಿಡುತ್ತಾರೆ. ಅದಕ್ಕೇ ಅವರು ನನಗೆ ಅಷ್ಟು ದೊಡ್ಡವರು.

ಈ ಆಟದ ಜೀನ್‌ಸ್ಟೀಲರ್ ಕಲ್ಟ್‌ಗಳ, ಅಂದರೆ ಗುಟ್ಟಾಗಿ ಬೆಳೆಯುವ ಪಂಥಗಳ ಕಥೆ ಈ ಮೂಲೆಯವರದ್ದೇ. ದೂರದ ಗಣಿ ಗ್ರಹವೊಂದಕ್ಕೆ ಒಂದು ಅನ್ಯಜೀವಿ ಬಂದು ಸೇರುತ್ತದೆ. ಕೆಲಸಗಾರರ ಮೈಯಲ್ಲಿ ತನ್ನ ಬೀಜ ಬಿಡುತ್ತದೆ. ಮೊದಲ ಎರಡು ತಲೆಮಾರಿಗೆ ಹೆಚ್ಚುವರಿ ಕೈ, ಉಗುರು ಇರುತ್ತದೆ. ಮೂರು, ನಾಲ್ಕನೇ ತಲೆಮಾರಿನವರು ನೋಡಲು ಹೆಚ್ಚುಕಡಿಮೆ ಮನುಷ್ಯರೇ. ಹಣೆಯ ಮೇಲೆ ಏಣು ಮಾತ್ರ ಉಳಿದಿರುತ್ತದೆ. ನಕ್ಷತ್ರಗಳಿಂದ ನಾಲ್ಕು ಕೈಯ ದೇವರು ಬಂದು ತಮ್ಮನ್ನು ಬಿಡಿಸುತ್ತಾನೆ ಅಂತ ಅವರು ಕಾಯುತ್ತಾರೆ, ಒಂದು ದಿನ ದಂಗೆ ಏಳುತ್ತಾರೆ. ಕೊನೆಗೆ ಬರುವುದು ಇಡೀ ಗ್ರಹವನ್ನೇ ತಿಂದು ಹಾಕುವ ಹಸಿದ ಹಿಂಡು. ಆ ಕೆಲಸಗಾರರ ಸಿಟ್ಟು ನ್ಯಾಯದ್ದೇ, ಅವರ ಒಗ್ಗಟ್ಟೂ ನಿಜವೇ. ಅದನ್ನು ಬಳಸಿಕೊಂಡದ್ದು ಮಾತ್ರ ಬೇರೆ ಯಾರೋ. ಈ ಆಟದಲ್ಲಿ ಇದಕ್ಕಿಂತ ನೋವಿನ ಕಥೆ ನಾನು ಓದಿಲ್ಲ.

ಕೋಲಾರದ ಕಡೆಯವರಿಗೆ ಗಣಿ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ, ಅಲ್ವಾ? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ತಳದಲ್ಲಿ ಬಂಡೆಯೇ ಸುಡುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದು ಜನ ಸತ್ತಿದ್ದಾರೆ, ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡಿದ್ದಾರೆ. ಅದೇ ಗಣಿಯೊಳಗೆ 1965ರಲ್ಲಿ ವಿಜ್ಞಾನಿಗಳು ಆಕಾಶದ ಕಡೆಯಿಂದ ಬರುವ ನ್ಯೂಟ್ರಿನೋ ಅನ್ನುವ ಸೂಕ್ಷ್ಮ ಕಣಗಳನ್ನೂ ಪತ್ತೆ ಹಚ್ಚಿದರು. 2001ರಲ್ಲಿ ಗಣಿ ಮುಚ್ಚಿತು. ಗಣಿಯ ಬಾಯಿಯ ಮೇಲಿನ ಹೆಡ್‌ಗೇರ್‌ಗಳು, ಅಂದರೆ ಜನರನ್ನು ಇಳಿಸಿ ಎತ್ತುವ ಚಕ್ರದ ಗೋಪುರಗಳು, ತುಕ್ಕು ಹಿಡಿದು ನಿಂತವು. ಹಾಗಾಗಿ ನಿಯೋಫೈಟ್ ಹೈಬ್ರಿಡ್‌ಗಳ, ಅಂದರೆ ಆ ಮೂರು, ನಾಲ್ಕನೇ ತಲೆಮಾರಿನವರ ಪೆಟ್ಟಿಗೆ ತೆರೆದು ಹೆಲ್ಮೆಟ್ಟು, ಡ್ರಿಲ್ಲು, ದಪ್ಪ ಬಟ್ಟೆಯ ಕೆಲಸದ ಉಡುಪು ನೋಡಿದಾಗ ಯಾವ ಬಣ್ಣ ಅಂತ ಯೋಚಿಸಬೇಕಾಗಲೇ ಇಲ್ಲ.

ಇನ್ನು ಕೆಲಸದ ವಿಷಯ. ಪೆಟ್ಟಿಗೆಯ ಬೆಲೆ ಜಾಸ್ತಿ, ಬೆಂಗಳೂರಿನ ಗೆಳೆಯನ ಜೊತೆ ಪಾಲು ಹಾಕಿ ತೆಗೆದುಕೊಂಡೆ. ಅದೇ ಕಂಪನಿಯ ಬಣ್ಣಗಳೂ ದುಬಾರಿ. ನಾನು ಬಳಸುವುದು ಸ್ಟೇಷನರಿ ಅಂಗಡಿಯ ಕ್ಯಾಮ್ಲಿನ್ ಅಕ್ರಿಲಿಕ್. ಬರ್ಂಟ್ ಅಂಬರ್ (ಕಡು ಕಂದು), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್ (ಗಾಢ ಕೆಂಪು), ನೀಲಿ, ಕಪ್ಪು, ಬಿಳಿ. ಏಳು ಟ್ಯೂಬು ಸಾಕು. ಟ್ಯೂಬಿನ ಬಣ್ಣ ದಪ್ಪ, ಹಾಗೇ ಹಚ್ಚಿದರೆ ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ನೀರು ಬೆರೆಸಿ ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬಣ್ಣ ಬ್ರಷ್ ಮೇಲೇ ಒಣಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಬೇಕಿಂಗ್ ಕಾಗದ ಹಾಸಿ, ಅದರ ಮೇಲೆ ಬಣ್ಣ ಕಲಸುತ್ತೇನೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ.

ಮೊದಲು ಇಡೀ ಬೊಂಬೆಗೆ ಕಡು ಕಂದು ಬಳಿಯುತ್ತೇನೆ. ಕಪ್ಪಿನಿಂದ ಶುರು ಮಾಡಿದರೆ ನೆರಳು ಸತ್ತಂತೆ ಕಾಣುತ್ತದೆ, ಕಂದಿನಿಂದ ಶುರು ಮಾಡಿದರೆ ನೆರಳಲ್ಲೂ ಬಿಸಿ ಇರುತ್ತದೆ. ಉಡುಪಿಗೆ ಓಕರ್, ಮಡಿಕೆಗಳಲ್ಲಿ ನೀರಾದ ಅಂಬರ್. ಡ್ರಿಲ್ಲಿಗೆ ಕಪ್ಪು ಹಚ್ಚಿ, ಪಾತ್ರೆ ತೊಳೆಯುವ ಸ್ಪಂಜಿನ ಚೂರಿನಿಂದ ಸಿಯೆನ್ನಾ ಒತ್ತಿದರೆ ತುಕ್ಕು ತಾನಾಗೇ ಬರುತ್ತದೆ. ಬ್ರಷ್ಷಿನಿಂದ ಎಷ್ಟು ಒದ್ದಾಡಿದರೂ ಆ ಅಡ್ಡಾದಿಡ್ಡಿತನ ಬರುವುದಿಲ್ಲ. ಕಲ್ಟಿನ ಗುರುತಿಗೆ ಮಾತ್ರ ಗಾಢ ಕೆಂಪು, ಒಂದು ಬೊಂಬೆಗೆ ಒಂದೇ ಕಡೆ. ಬ್ಲಾಂಚ್ ಚಿತ್ರಗಳಿಂದ ಕಲಿತದ್ದು ಇದೇ, ಕೆಂಪನ್ನು ಜಿಪುಣತನದಿಂದ ಬಳಸಬೇಕು.

ಮುಖ ನನಗೆ ಎಲ್ಲಕ್ಕಿಂತ ಮುಖ್ಯ. ಪೆಟ್ಟಿಗೆಯ ಚಿತ್ರದಲ್ಲಿ ಇವರು ಬಿಳಿಚಿಕೊಂಡಿರುತ್ತಾರೆ. ನಾನು ನಮ್ಮವರ ಮೈಬಣ್ಣ ಕೊಟ್ಟೆ. ಅಂಬರ್, ಓಕರ್, ಚೂರು ಕ್ರಿಮ್ಸನ್. ಒಣಗಿದ ಮೇಲೆ ಕ್ರಿಮ್ಸನ್ನಿಗೆ ಒಂದು ಹನಿ ನೀಲಿ ಸೇರಿಸಿ, ತುಂಬಾ ನೀರು ಮಾಡಿ, ಕಣ್ಣಿನ ಗುಳಿ, ತುಟಿ, ಬೆರಳ ಗೆಣ್ಣುಗಳಿಗೆ ಮಾತ್ರ ಬಿಟ್ಟೆ. ದೂರದಿಂದ ನೋಡಿದರೆ ಪಾಳಿ ಮುಗಿಸಿ ಸುಸ್ತಾದ ಮನುಷ್ಯ. ಹತ್ತಿರ ಹಿಡಿದರೆ ಆ ನೇರಳೆ ಛಾಯೆ ಕಂಡು ಏನೋ ಸರಿಯಿಲ್ಲ ಅನ್ನಿಸುತ್ತದೆ. ನನಗೆ ಬೇಕಿದ್ದದ್ದು ಅದೇ.

ನಮ್ಮ ಬೀದಿಯಲ್ಲಿ ಗಣಿಯಲ್ಲಿ ಕೆಲಸ ಮಾಡಿದ ಒಬ್ಬ ತಾತ ಇದ್ದಾರೆ. ಜಗಲಿಯ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಾಗ ಬಂದು ಒಂದು ಬೊಂಬೆ ತೆಗೆದುಕೊಂಡು, ಕನ್ನಡಕ ಮೇಲೆ ಸರಿಸಿ ನೋಡಿದರು.

"ತಲೆ ಮೇಲೆ ಲೈಟು ಇಟ್ಟಿದೀಯ, ಬ್ಯಾಟರಿ ಎಲ್ಲಪ್ಪಾ?"

"ಅದು ಮುಂದಿನ ಕಾಲದ್ದು ತಾತ, ಬ್ಯಾಟರಿ ಬೇಕಾ?"

"ಯಾವ ಕಾಲ ಆದ್ರೂ ಲೈಟ್ ಉರೀಬೇಕಲ್ಲ. ನಾವು ಸೊಂಟಕ್ಕೆ ಕಟ್ತಿದ್ವಿ. ವೈರು ಬೆನ್ನ ಮೇಲಿಂದ ಬರ್ತಿತ್ತು. ಮುಂದೆ ಬಿಟ್ರೆ ಕೆಲಸಕ್ಕೆ ಅಡ್ಡ ಬರುತ್ತೆ."

ಅವತ್ತೇ ಎಂ-ಸೀಲ್ ಕಲಸಿ ಅಕ್ಕಿಕಾಳಿಗಿಂತ ಸಣ್ಣ ಬ್ಯಾಟರಿ ಪೆಟ್ಟಿಗೆ ಮಾಡಿದೆ. ಹಾಳಾದ ಇಯರ್‌ಫೋನ್ ವೈರು ಬಿಚ್ಚಿದರೆ ಒಳಗೆ ಕೂದಲಿನಂಥ ತಾಮ್ರದ ಎಳೆಗಳು ಸಿಗುತ್ತವೆ. ಎರಡನ್ನು ಹೊಸೆದು, ಹೆಲ್ಮೆಟ್ಟಿನ ಹಿಂಭಾಗದಿಂದ ಸೊಂಟದವರೆಗೆ ಫೆವಿಕ್ವಿಕ್‌ನಿಂದ ಅಂಟಿಸಿದೆ. ಎಂ-ಸೀಲ್ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಒಂದೊಂದು ಸಲಕ್ಕೆ ಕಡಲೆಕಾಳಿನಷ್ಟೇ ಕಲಸಬೇಕು. ಈಗ ನನ್ನ ಎಲ್ಲ ನಿಯೋಫೈಟ್‌ಗಳ ಬೆನ್ನ ಮೇಲೂ ಆ ವೈರು ಇದೆ. ಆಡುವಾಗ ನಾವು ನೋಡುವುದು ನಮ್ಮ ಬೊಂಬೆಗಳ ಬೆನ್ನನ್ನೇ. ಹಾಗಾಗಿ ಇಡೀ ಆಟ ಅದು ಕಣ್ಣೆದುರೇ ಇರುತ್ತದೆ.

ಕಾಲ ಕೆಳಗಿನ ನೆಲಕ್ಕೆ ಮನೆ ಹಿಂದಿನ ಕೆಮ್ಮಣ್ಣನ್ನು ಟೀ ಜಾಲರಿಯಲ್ಲಿ ಸೋಸಿ, ನೀರಾದ ಫೆವಿಕಾಲ್ ಮೇಲೆ ಉದುರಿಸಿದೆ. ಸೈನೈಡ್ ದಿಬ್ಬದ ಧೂಳನ್ನು ಮಾತ್ರ ಮುಟ್ಟಬೇಡಿ ಅಂತ ಕೇಳುವವರಿಗೆಲ್ಲ ಹೇಳುತ್ತೇನೆ. ಅದು ಚಿನ್ನ ತೆಗೆದ ಮೇಲೆ ಉಳಿದ ವಿಷದ ಪುಡಿ, ಗಾಳಿಗೆ ಎದ್ದರೆ ಊರಿನವರೇ ಮುಖ ಮುಚ್ಚಿಕೊಳ್ಳುತ್ತಾರೆ. ಬಣ್ಣವನ್ನು ಕಣ್ಣಲ್ಲಿ ತಂದರೆ ಸಾಕು. ಬಿಳಿಗೆ ಓಕರ್ ಮತ್ತು ಚಿಟಿಕೆ ಕಪ್ಪು ಸೇರಿಸಿ, ಒಣ ಬ್ರಷ್ಷಿನಿಂದ ಬೂಟು, ಮಂಡಿ, ನೆಲದ ಅಂಚಿಗೆ ಉಜ್ಜಿದೆ.

ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ, ಒಣ ಹವೆ ಇರುವ ದಿನ ನೋಡಿ ಹೊಡೆಯಿರಿ. ಈಗ ಐಸ್‌ಕ್ರೀಂ ಕಡ್ಡಿ, ರಟ್ಟು, ದಾರ ಸೇರಿಸಿ ಇವರಿಗೊಂದು ಹೆಡ್‌ಗೇರ್ ಕಟ್ಟುತ್ತಿದ್ದೇನೆ. ಮೇಲಿನ ಎರಡು ಚಕ್ರಗಳು ನಿಜವಾಗಿ ತಿರುಗಬೇಕು ಅಂತ ಆಸೆ. ಅದಕ್ಕೆ ಹಳೆ ಗಡಿಯಾರದ ಹಲ್ಲುಚಕ್ರ ಎತ್ತಿಡಲು ರಿಪೇರಿ ಅಂಗಡಿಯವರಿಗೆ ಹೇಳಿದ್ದೇನೆ.